ಬಾಂಡ್ ಇಲ್ಲದೆಯೂ ಮರೆಯಲಾಗದ ದೃಶ್ಯ

ಜೇಮ್ಸ್ ಬಾಂಡ್ ಸಿನಿಮಾಗಳಲ್ಲಿ ಬಾಂಡೇ ಕಾಣಿಸಿಕೊಳ್ಳದ ಒಳ್ಳೆಯ ದೃಶ್ಯ ಯಾವುದು ಅಂತ ಕೇಳಿದ್ದೀರಲ್ಲ, ನನ್ನ ಮಟ್ಟಿಗೆ 1973ರ ‘ಲಿವ್ ಆ್ಯಂಡ್ ಲೆಟ್ ಡೈ’ಯ ಶವಯಾತ್ರೆ. ನ್ಯೂ ಆರ್ಲಿಯನ್ಸ್‌ನ ಬೀದಿ. ನಿಧಾನಕ್ಕೆ ಬ್ಯಾಂಡ್ ನುಡಿಸುತ್ತಾ ಮೆರವಣಿಗೆ ಬರುತ್ತದೆ. ನೋಡುತ್ತಾ ನಿಂತ ಗೂಢಚಾರ ಪಕ್ಕದವನಲ್ಲಿ ಯಾರದ್ದು ಎಂದು ಕೇಳುತ್ತಾನೆ. ನಿನ್ನದೇ ಅಂದವನೇ ಚಾಕು ಹಾಕುತ್ತಾನೆ. ಮೆರವಣಿಗೆಯವರು ಶವಪೆಟ್ಟಿಗೆಯನ್ನು ಅವನ ಹೆಣದ ಮೇಲೆ ಇಳಿಸಿ ಎತ್ತಿದರೆ ರಸ್ತೆ ಖಾಲಿ! ಆಮೇಲೆ ಅದೇ ಬ್ಯಾಂಡು ಕುಣಿಯುವಂಥ ಹಾಡು ಶುರುಮಾಡುತ್ತದೆ.

ಬದಿಯಡ್ಕದ ನಮ್ಮ ಮನೆಯಲ್ಲಿ ಇದನ್ನು ಹಾಕಿದಾಗ ಅಡಿಕೆ ಸುಲಿಯುತ್ತಿದ್ದ ಅಪ್ಪ, ಅರ್ಧ ಸುಲಿದದ್ದನ್ನು ಕೈಯಲ್ಲೇ ಹಿಡಿದು ನೋಡುತ್ತಾ ಕೂತಿದ್ದರು.

ರೋಜರ್ ಮೂರ್ ಬಾಂಡ್ ಆದ ಮೊದಲ ಸಿನಿಮಾ ಇದು. ಆದರೂ ಟೈಟಲ್‌ಗೆ ಮೊದಲಿನ ಕತೆಯಲ್ಲಿ ಅವರ ಮುಖವೇ ಇಲ್ಲ. ಎಂಥ ಧೈರ್ಯ ಅಲ್ವಾ? 1963ರ ‘ಫ್ರಮ್ ರಷ್ಯಾ ವಿತ್ ಲವ್’ನ ಚೆಸ್ ಪಂದ್ಯವನ್ನೂ ನೋಡಿ, ಅಲ್ಲೂ ಬಾಂಡ್ ಇಲ್ಲ; ಆಟಗಾರನಿಗೆ ನೀರಿನ ಲೋಟದ ಅಡಿಯಲ್ಲಿ ಸಂದೇಶ ಬರುತ್ತದೆ.