ಕಂಟ್ರೋಲರ್‌ಗೆ ಹೊಡೆದ ಬಣ್ಣ ನಿಲ್ಲುವುದು ಹೇಗೆ?

ಪ್ರಶ್ನೆ: ನನ್ನ ಎಕ್ಸ್‌ಬಾಕ್ಸ್ ವಿಡಿಯೊ ಗೇಮ್ ಕಂಟ್ರೋಲರ್‌ಗೆ ಸ್ಪ್ರೇ ಕ್ಯಾನ್‌ನಿಂದ ಇಷ್ಟದ ಬಣ್ಣ ಹೊಡೆಯಬೇಕೆಂದಿದ್ದೇನೆ. ಅಂಗೈ ತಾಗುವ ಕಡೆ ಬಣ್ಣ ಬೇಗ ಕಿತ್ತುಬರುತ್ತದೆ, ಗುಂಡಿಗಳು ಸಿಕ್ಕಿಕೊಳ್ಳುತ್ತವೆ ಎಂದು ಗೆಳೆಯರು ಹೇಳುತ್ತಾರೆ. ಇದನ್ನು ತಪ್ಪಿಸಬಹುದೇ?

ಉತ್ತರ: ಖಂಡಿತ ತಪ್ಪಿಸಬಹುದು. ಈ ಎರಡೂ ತೊಂದರೆಗಳು ಬಣ್ಣದ ಗುಣಮಟ್ಟಕ್ಕಿಂತ ಹೆಚ್ಚಾಗಿ, ಬಣ್ಣ ಹೊಡೆಯುವ ಮೊದಲು ಮತ್ತು ಹೊಡೆದ ನಂತರ ನಾವು ತೋರುವ ಅವಸರದಿಂದ ಹುಟ್ಟುತ್ತವೆ.

ಕಂಟ್ರೋಲರನ್ನು ಬಿಚ್ಚದೆ, ಟೇಪ್ ಅಂಟಿಸಿ ಬಣ್ಣ ಹೊಡೆಯುವುದು ಬೇಡ. ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್‌ಗಳ ಬುಡದಿಂದ ಬಣ್ಣ ಒಳಗೆ ಇಳಿದರೆ ಮತ್ತೆ ಸರಿಪಡಿಸುವುದು ಕಷ್ಟ. ಎಕ್ಸ್‌ಬಾಕ್ಸ್ ಒನ್ ಮತ್ತು ಸೀರೀಸ್ ಕಂಟ್ರೋಲರ್‌ಗಳನ್ನು ಬಿಚ್ಚಲು, ತುದಿಯ ನಡುವೆ ರಂಧ್ರವಿರುವ ಟಿ8 ಸೆಕ್ಯುರಿಟಿ ಟಾರ್ಕ್ಸ್ ಸ್ಕ್ರೂಡ್ರೈವರ್ ಬೇಕು. ನಾಲ್ಕು ಸ್ಕ್ರೂಗಳು ಹಿಡಿಕೆಗಳ ಪಕ್ಕದ ಮುಚ್ಚಳಗಳ ಕೆಳಗಿರುತ್ತವೆ. ಐದನೆಯದು ಬ್ಯಾಟರಿ ಗೂಡಿನ ಲೇಬಲ್‌ನಡಿ ಅಡಗಿರುವುದನ್ನು ಗಮನಿಸದೆ ಹಲವರು ಕವಚವನ್ನು ಬಲವಂತವಾಗಿ ಎಳೆದು ಮುರಿಯುತ್ತಾರೆ.

ಬಣ್ಣ ಏಳುವುದಕ್ಕೆ ಮುಖ್ಯ ಕಾರಣ ಕವಚದ ಪ್ಲಾಸ್ಟಿಕ್‌ನ ಮೇಲೆ ಕೂತಿರುವ ಕೈಯ ಜಿಡ್ಡು. ಕವಚವನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು, 400ರಿಂದ 600 ಗ್ರಿಟ್‌ನ (ಒರಟುತನದ ಅಳತೆ) ಸ್ಯಾಂಡ್‌ಪೇಪರನ್ನು ನೀರಿನಲ್ಲಿ ಅದ್ದಿ ಹೊಳಪು ಹೋಗುವವರೆಗೆ ಮೃದುವಾಗಿ ಉಜ್ಜಿ, ಚೆನ್ನಾಗಿ ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಆ ಬಳಿಕ ಬರಿಗೈಯಿಂದ ಮುಟ್ಟಬೇಡಿ. ಥಿನ್ನರ್ ಅಥವಾ ಅಸಿಟೋನ್ ಬಳಸಿದರೆ ಪ್ಲಾಸ್ಟಿಕ್ಕೇ ಕರಗುತ್ತದೆ.

ಇದಾದ ಮೇಲೆ ಬಣ್ಣ ಹಿಡಿದುಕೊಳ್ಳಲು ಅಡಿಯಲ್ಲಿ ಹಚ್ಚುವ, ಪ್ಲಾಸ್ಟಿಕ್‌ಗೆಂದೇ ಇರುವ ಪ್ರೈಮರ್ ಹೊಡೆದು, ಒಣಗಿದ ನಂತರ ಬಣ್ಣ ಹೊಡೆಯಿರಿ. ಕ್ಯಾನನ್ನು 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಸ್ಪ್ರೇಯನ್ನು ಕವಚದ ಹೊರಗೆ ಆರಂಭಿಸಿ, ಅದನ್ನು ದಾಟಿ ಹೊರಗೇ ನಿಲ್ಲಿಸಬೇಕು. ಮೊದಲ ಕೋಟ್‌ನಲ್ಲಿ ಕೆಳಗಿನ ಬಣ್ಣ ಕಾಣುತ್ತಿರಲೇಬೇಕು. ಅದನ್ನು ಒಮ್ಮೆಗೇ ಮುಚ್ಚಿಬಿಡುವ ಆಸೆಯಿಂದಲೇ ಬಣ್ಣ ಸೋರಿ ಇಳಿಯುತ್ತದೆ. ಎರಡು ಕೋಟ್‌ಗಳ ನಡುವೆ ಎಷ್ಟು ಹೊತ್ತು ಬಿಡಬೇಕೆಂಬುದನ್ನು ಕ್ಯಾನ್‌ನ ಮೇಲೆಯೇ ಬರೆದಿರುತ್ತಾರೆ. ಆ ಸಮಯವನ್ನು ಪಾಲಿಸದಿದ್ದರೆ ಬಣ್ಣ ಸುಕ್ಕುಗಟ್ಟಬಹುದು.

ಗುಂಡಿಗಳು ಸಿಕ್ಕಿಕೊಳ್ಳುವುದು ತೆರಪು ಕಿರಿದಾಗುವುದರಿಂದ. ಗುಂಡಿಗೂ ಅದರ ರಂಧ್ರದ ಅಂಚಿಗೂ ನಡುವೆ ಇರುವ ಜಾಗ ಬಹಳ ಕಡಿಮೆ. ಪ್ರೈಮರ್, ಬಣ್ಣ, ಅದರ ಮೇಲೆ ರಕ್ಷಣೆಗೆ ಹೊಡೆಯುವ ಪಾರದರ್ಶಕ ಕ್ಲಿಯರ್ ಕೋಟ್ ಮೂರೂ ಅಲ್ಲಿ ಸೇರಿದರೆ ಗುಂಡಿ ಓಡಾಡಲಾರದು. ಆದ್ದರಿಂದ ರಂಧ್ರಗಳ ಒಳಗೋಡೆಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಗುಂಡಿಗಳನ್ನು ಹಾಗೆಯೇ ಬಿಡುವುದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಅಂಗೈಯ ಬೆವರನ್ನು ತಡೆಯುವುದು ಕೊನೆಯ ಕ್ಲಿಯರ್ ಕೋಟ್. ಗಟ್ಟಿಕಾರಕ ಬೆರೆಸುವ ಎರಡು ಭಾಗಗಳ ಕ್ಲಿಯರ್ ಕೋಟ್ ಹೆಚ್ಚು ಬಾಳುತ್ತದೆಯಾದರೂ, ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ ಮತ್ತು ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ಮನೆಯಲ್ಲಿ ಕೆಲಸ ಮಾಡುವವರು ಸಾಮಾನ್ಯ ಕ್ಲಿಯರ್ ಕೋಟನ್ನೇ ಗಾಳಿಯಾಡುವ ಜಾಗದಲ್ಲಿ ಬಳಸಲಿ. ಮುಟ್ಟಿದರೆ ಅಂಟದಿರುವುದು ಪೂರ್ತಿ ಗಟ್ಟಿಯಾದ ಲಕ್ಷಣವಲ್ಲ. ಜೋಡಿಸುವ ಮೊದಲು ಒಂದು ವಾರ ಬಿಡಿ. ಬೇಗ ಒಣಗಲೆಂದು ಓವನ್‌ನಲ್ಲಿಟ್ಟರೆ ಕವಚ ಸೊಟ್ಟಗಾಗುತ್ತದೆ.

ಪ್ರಶ್ನೆ: ಸ್ಟಿಕ್‌ಗಳ ರಬ್ಬರ್ ತುದಿಗೂ ಅದೇ ಬಣ್ಣ ಹೊಡೆಯಬಹುದೇ?

ಉತ್ತರ: ಬೇಡ. ಹೆಬ್ಬೆರಳಿನ ಒತ್ತಡಕ್ಕೆ ರಬ್ಬರ್ ಬಾಗಿದಂತೆಲ್ಲ ಬಣ್ಣ ಬಿರಿಯುತ್ತದೆ. ಬೇಕಾದ ಬಣ್ಣದ ಬದಲಿ ಸ್ಟಿಕ್‌ಗಳು ಬಿಡಿಯಾಗಿ ಸಿಗುತ್ತವೆ. ಕಂಟ್ರೋಲರ್ ಬಿಚ್ಚಿದಾಗಲೇ ಅವನ್ನೂ ಹಾಕಿಕೊಳ್ಳಿ.