ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊಸ ಟಿ.ವಿ.ಯನ್ನು ಮನೆಯಲ್ಲೇ ಒರೆಗೆ ಹಚ್ಚಿ

ಈ ಸಲ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಸ ಟಿ.ವಿ.ಗೆ ಸಂಬಂಧಿಸಿದವು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿರುವುದರಿಂದ ದೊಡ್ಡ ಪರದೆಯ ಆಸೆ ಅನೇಕ ಮನೆಗಳಲ್ಲಿ ಚಿಗುರಿರುವುದು ಸಹಜ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಹಾಲ್ 10 ಅಡಿ ಅಗಲ, 14 ಅಡಿ ಉದ್ದವಿದೆ. ಟಿ.ವಿ.ಯನ್ನು ಉದ್ದದ ಗೋಡೆಗೆ ಹಾಕಿ ಎದುರಿನ ಗೋಡೆಗೆ ಒರಗಿ ಕೂರುತ್ತೇವೆ. ಅಂಗಡಿಯವರು 55 ಇಂಚಿನ 4ಕೆ ಟಿ.ವಿ.ಯನ್ನೇ ಕೊಳ್ಳಿರಿ ಎನ್ನುತ್ತಾರೆ. ಮನೆಯವರು 43 ಇಂಚು ಸಾಕೆನ್ನುತ್ತಾರೆ. ನಾವು ಹೆಚ್ಚಾಗಿ ನೋಡುವುದು ಡಿಶ್‌ನ ಕನ್ನಡ ವಾಹಿನಿಗಳನ್ನು ಮತ್ತು ಕ್ರಿಕೆಟ್ಟನ್ನು. ಯಾರ ಮಾತು ಸರಿ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಅಂಗಡಿಗೆ ಮತ್ತೆ ಹೋಗುವ ಮೊದಲು ಟೇಪು ಹಿಡಿದು, ಕೂತವರ ಕಣ್ಣಿನಿಂದ ಗೋಡೆಯವರೆಗಿನ ಅಂತರವನ್ನು ಅಳೆಯಿರಿ. ನೀವು ಹೇಳಿದ ಹಾಲ್‌ನಲ್ಲಿ ಅದು ಸುಮಾರು 8 ಅಡಿ ಬರುತ್ತದೆ. ಟಿ.ವಿ.ಯ ಇಂಚು ಎಂದರೆ ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗಿರುವ ಓರೆ ಅಳತೆ. 55 ಇಂಚಿನ ಪರದೆ ಅಗಲದಲ್ಲಿ 4 ಅಡಿ, ಎತ್ತರದಲ್ಲಿ ಸುಮಾರು ಎರಡೂಕಾಲು ಅಡಿ ಇರುತ್ತದೆ. ಈ ಓರೆ ಅಳತೆಯ ಸುಮಾರು 1.6 ಪಟ್ಟು ದೂರದಲ್ಲಿ ಕೂತರೆ ಚಿತ್ರ ಕಣ್ತುಂಬ ಕಾಣುತ್ತದೆ, ಕಣ್ಣಿಗೆ ಆಯಾಸವೂ ಆಗುವುದಿಲ್ಲ ಎಂಬುದು ರೂಢಿಯಲ್ಲಿರುವ ಲೆಕ್ಕ. 55 ಇಂಚಿಗೆ ಅದು ಏಳೂಕಾಲು ಅಡಿಯಾಗುತ್ತದೆ, 43 ಇಂಚಿಗೆ ಆರು ಅಡಿಯೊಳಗೇ ಬರುತ್ತದೆ. ಆದ್ದರಿಂದ ಕೋಣೆಯ ಮಟ್ಟಿಗೆ ಅಂಗಡಿಯವರ ಮಾತು ತಪ್ಪಲ್ಲ.

ಆದರೆ ಕೋಣೆಯಷ್ಟೇ ಮುಖ್ಯವಾದದ್ದು ಪರದೆಗೆ ಬರುವ ಚಿತ್ರ. 4ಕೆ ಪರದೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು ಸುಮಾರು 83 ಲಕ್ಷ ಚುಕ್ಕೆಗಳಿರುತ್ತವೆ. ಡಿಶ್‌ನ ಸಾಧಾರಣ ಗುಣಮಟ್ಟದ, ಅಂದರೆ ಎಸ್‌ಡಿ ವಾಹಿನಿಯ ಚಿತ್ರದಲ್ಲಿ ಇರುವುದು ಹೆಚ್ಚೆಂದರೆ 720 ಗುಣಿಸು 576 ಚುಕ್ಕೆಗಳು. ಅಲ್ಲಿಂದ ಬಂದ ಒಂದೊಂದು ಚುಕ್ಕೆಯನ್ನೂ ಟಿ.ವಿ. 20 ಚುಕ್ಕೆಗಳಿಗೆ ಎಳೆದು ಹರಡಬೇಕಾಗುತ್ತದೆ. ಹಳೆಯ 32 ಇಂಚಿನಲ್ಲಿ ಅಚ್ಚುಕಟ್ಟಾಗಿ ಕಾಣುತ್ತಿದ್ದ ವಾರ್ತಾವಾಹಿನಿಯ ಅಕ್ಷರಗಳು ಹೊಸ 55 ಇಂಚಿನಲ್ಲಿ ಮಸುಕಾಗಿ ಕಾಣುವುದು ಈ ಕಾರಣಕ್ಕೆ, ಅದರಲ್ಲಿ ಟಿ.ವಿ.ಯ ದೋಷವಿರುವುದಿಲ್ಲ. ನೀವು ನೋಡುವ ನಾಲ್ಕೈದು ವಾಹಿನಿಗಳನ್ನಾದರೂ ಎಚ್‌ಡಿಗೆ, ಅಂದರೆ ಹೆಚ್ಚು ಚುಕ್ಕೆಗಳಿರುವ ಗುಣಮಟ್ಟಕ್ಕೆ ಬದಲಿಸಿಕೊಳ್ಳುವುದಾದರೆ, ಸೆಟ್‌ಟಾಪ್ ಬಾಕ್ಸನ್ನು ಹಳದಿ, ಕೆಂಪು, ಬಿಳಿ ತುದಿಗಳ ಹಳೆಯ ವೈರಿನ ಬದಲು ಎಚ್‌ಡಿಎಂಐ ಕೇಬಲ್ಲಿನಿಂದ ಜೋಡಿಸುವುದಾದರೆ, ಧೈರ್ಯವಾಗಿ 55 ಇಂಚನ್ನು ಕೊಳ್ಳಬಹುದು. ಎಸ್‌ಡಿ ವಾಹಿನಿಗಳಲ್ಲೇ ಉಳಿಯುವುದಾದರೆ ಮನೆಯವರ ಮಾತನ್ನು ಕೇಳಿರಿ. 8 ಅಡಿ ದೂರದಿಂದ 43 ಇಂಚಿನ ಪರದೆಯಲ್ಲಿ ಫುಲ್ ಎಚ್‌ಡಿಗೂ (4ಕೆಯ ಕಾಲುಭಾಗದಷ್ಟು ಚುಕ್ಕೆಗಳಿರುವುದು) 4ಕೆಗೂ ಇರುವ ವ್ಯತ್ಯಾಸವನ್ನು ಸಾಮಾನ್ಯ ದೃಷ್ಟಿಯ ಕಣ್ಣು ಗುರುತಿಸಲಾರದು. ಆ ಒಂದು ಹೆಸರಿಗಾಗಿ ಹೆಚ್ಚು ಹಣ ತೆರಬೇಕಾಗಿಲ್ಲ.

ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ಸಂಗತಿಯಿದೆ. ನಮ್ಮ ಮನೆಗಳಲ್ಲಿ ಎಲ್ಲರೂ ಸೋಫಾದ ಮೇಲೆ ಟಿ.ವಿ.ಗೆ ನೇರವಾಗಿ ಕೂರುವುದಿಲ್ಲ. ಜಮಖಾನೆ ಹಾಸಿ ನೆಲದ ಮೇಲೆ ಊಟಕ್ಕೆ ಕೂತವರಿರುತ್ತಾರೆ, ಬದಿಯ ಮಂಚದ ಮೇಲೆ ಹಿರಿಯರಿರುತ್ತಾರೆ. ಎಲ್‌ಇಡಿ ಟಿ.ವಿ.ಗಳಲ್ಲಿ ಮುಖ್ಯವಾಗಿ ವಿಎ ಮತ್ತು ಐಪಿಎಸ್ ಎಂಬ ಎರಡು ಬಗೆಯ ಪರದೆಗಳಿವೆ. ವಿಎ ಪರದೆಯಲ್ಲಿ ಕಪ್ಪು ನಿಜವಾಗಿ ಕಪ್ಪಾಗಿ ಕಾಣುತ್ತದೆ, ಆದರೆ ಬದಿಯಿಂದ ಅಥವಾ ಕೆಳಗಿನಿಂದ ನೋಡಿದರೆ ಬಣ್ಣ ಪೇಲವವಾಗುತ್ತದೆ. ಐಪಿಎಸ್‌ನಲ್ಲಿ ಬದಿಯಿಂದಲೂ ಬಣ್ಣ ಉಳಿಯುತ್ತದೆ, ಆದರೆ ಕತ್ತಲೆಯ ದೃಶ್ಯಗಳು ಬೂದಿ ಬಣ್ಣಕ್ಕೆ ತಿರುಗುತ್ತವೆ. ಯಾವ ಬಗೆಯದೆಂಬುದನ್ನು ಅನೇಕ ಕಂಪನಿಗಳು ಡಬ್ಬಿಯ ಮೇಲೆ ಬರೆಯುವುದೇ ಇಲ್ಲ. ಆದ್ದರಿಂದ ಅಂಗಡಿಯಲ್ಲಿ ಸಂಕೋಚಪಡದೆ ಪರದೆಯ ಬದಿಗೆ ಸರಿದು, ಆಮೇಲೆ ಕುಕ್ಕರಗಾಲಿನಲ್ಲಿ ಕೂತು ನೋಡಿರಿ. ಮನೆಯಲ್ಲಿ ಗೋಡೆಗೆ ಹಾಕುವಾಗಲೂ ಪರದೆಯ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ ಆದಷ್ಟು ಹತ್ತಿರವಿರಲಿ. ಬಾಗಿಲಿನ ಮೇಲ್ಪಟ್ಟಿಯ ಎತ್ತರಕ್ಕೆ ಟಿ.ವಿ. ಏರಿಸುವ ರೂಢಿಯಿಂದ ಚಿತ್ರವೂ ಕೆಡುತ್ತದೆ, ಕುತ್ತಿಗೆಯೂ ನೋಯುತ್ತದೆ.

ವಿದ್ಯುತ್ತಿನ ಮಾತು: 100 ವ್ಯಾಟ್ ಬಳಸುವ ಟಿ.ವಿ. ದಿನಕ್ಕೆ 5 ಗಂಟೆ ನಡೆದರೆ ತಿಂಗಳಿಗೆ 15 ಯೂನಿಟ್ ಆಗುತ್ತದೆ. ಗೃಹಜ್ಯೋತಿ ಯೋಜನೆಯ 200 ಯೂನಿಟ್‌ಗಳ ಮಿತಿಯ ಅಂಚಿನಲ್ಲಿರುವ ಮನೆಯವರು ಡಬ್ಬಿಯ ಮೇಲಿನ ವ್ಯಾಟ್ ಸಂಖ್ಯೆಯನ್ನು ನೋಡಿಯೇ ಕೊಳ್ಳಬೇಕು.

ಪ್ರಶ್ನೆ: ಅಂಗಡಿಯಲ್ಲಿ ಕಣ್ಣು ಕೋರೈಸುತ್ತಿದ್ದ ಕ್ಯೂಎಲ್‌ಇಡಿ ಟಿ.ವಿ. ಮನೆಗೆ ಬಂದ ಮೇಲೆ ಹಾಗಿಲ್ಲ. ಮುಖಗಳು ಕೆಂಪಗೆ ಕಾಣುತ್ತವೆ, ಸಿನಿಮಾ ನೋಡಿದರೆ ಧಾರಾವಾಹಿ ನೋಡಿದಂತೆ ಜಾರಿಕೊಂಡು ಹೋಗುತ್ತದೆ, ಎಚ್‌ಡಿಆರ್ ಎಂದು ತೋರಿಸುವ ಸಿನಿಮಾಗಳು ಉಳಿದವುಗಳಿಗಿಂತ ಮಬ್ಬಾಗಿವೆ. ಹಿಂದಿರುಗಿಸಬೇಕೇ?
– ಓದುಗರು, ವಿಜಯಪುರ

ಉತ್ತರ: ದಯವಿಟ್ಟು ಅವಸರ ಮಾಡಬೇಡಿರಿ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಎರಡು ರಿಮೋಟಿನಿಂದಲೇ ಸರಿಹೋಗುವಂಥವು.

ಅಂಗಡಿಯ ಟ್ಯೂಬ್‌ಲೈಟುಗಳ ಬೆಳಕಿನಲ್ಲಿ, ಹತ್ತು ಟಿ.ವಿ.ಗಳ ಸಾಲಿನಲ್ಲಿ ಎದ್ದು ಕಾಣಲೆಂದೇ ಪರದೆಯ ಬೆಳಕನ್ನೂ ಬಣ್ಣವನ್ನೂ ಮಿತಿಮೀರಿ ಏರಿಸಿರುತ್ತಾರೆ. ತೋರಿಸುವ ದೃಶ್ಯಗಳೂ ಅದಕ್ಕೆಂದೇ ಚಿತ್ರಿಸಿದ ಹೂವು, ಹಕ್ಕಿ, ಸಮುದ್ರಗಳೇ ಆಗಿರುತ್ತವೆ. ಮನೆಗೆ ಬಂದ ಮೇಲೂ ಟಿ.ವಿ. ‘ವಿವಿಡ್’ ಅಥವಾ ‘ಡೈನಾಮಿಕ್’ ಎಂಬ ಅದೇ ಬಗೆಯಲ್ಲಿ ಉಳಿದಿರಬಹುದು. ಚಿತ್ರದ ಸೆಟ್ಟಿಂಗ್‌ಗೆ ಹೋಗಿ ‘ಸಿನಿಮಾ’, ‘ಮೂವಿ’ ಅಥವಾ ‘ಫಿಲ್ಮ್‌ಮೇಕರ್’ ಎಂಬುದನ್ನು ಆರಿಸಿರಿ. ಮೊದಲ ದಿನ ಪರದೆ ಹಳದಿಗಟ್ಟಿದಂತೆ ಎನಿಸುತ್ತದೆ. ನಾಲ್ಕು ದಿನ ಅದನ್ನೇ ನೋಡಿರಿ. ಕಣ್ಣು ಹೊಂದಿಕೊಂಡ ಮೇಲೆ ಹಳೆಯ ಬಗೆಗೆ ಮರಳಿದರೆ ಎಲ್ಲವೂ ನೀಲಿಗಟ್ಟಿದಂತೆ ಕಾಣುತ್ತದೆ.

ಬಣ್ಣವನ್ನು ಪರೀಕ್ಷಿಸಲು ನಮ್ಮ ಭಾಗದವರಿಗೆ ಒಂದು ಒಳ್ಳೆಯ ಸಾಧನವಿದೆ. ಇಳಕಲ್ ಸೀರೆಯುಟ್ಟವರ ಒಂದು ಒಳ್ಳೆಯ ಫೋಟೋವನ್ನು, ಹಗಲು ಬೆಳಕಿನಲ್ಲಿ ತೆಗೆದದ್ದನ್ನು, ಪೆನ್‌ಡ್ರೈವಿನಲ್ಲಿ ಹಾಕಿ ತೆರೆಯಿರಿ. ಸಾಧ್ಯವಾದರೆ ಆ ಸೀರೆಯನ್ನೂ ಪಕ್ಕದಲ್ಲಿ ಹಿಡಿಯಿರಿ. ವಿವಿಡ್ ಬಗೆಯಲ್ಲಿ ಸೆರಗಿನ ಕೆಂಪು ಒಂದೇ ಮುದ್ದೆಯಾಗಿ, ರೇಷ್ಮೆಯ ನೆರಿಗೆಗಳು ಮುಚ್ಚಿಹೋಗಿ, ಬಿಳಿಯ ತೆನೆಗಳ ಅಂಚು ಉರಿದಂತೆ ಕಾಣುತ್ತದೆ. ಸಿನಿಮಾ ಬಗೆಯಲ್ಲಿ ನೆರಿಗೆಯ ನೆರಳು, ರೇಷ್ಮೆಯ ಹೊಳಪು, ಒಡಲಿನ ನೂಲಿನ ಗೆರೆಗಳು ಬೇರೆಬೇರೆಯಾಗಿ ಕಾಣಿಸಿಕೊಳ್ಳಬೇಕು. ಉಟ್ಟವರ ಮುಖದ ಬಣ್ಣ ನಿಮಗೆ ಪರಿಚಿತವಾದದ್ದೇ ಆದ್ದರಿಂದ ಇದಕ್ಕಿಂತ ನಂಬಿಕೆಗೆ ಅರ್ಹವಾದ ಅಳತೆಗೋಲು ಬೇಡ.

ಸಿನಿಮಾ ಜಾರುವುದಕ್ಕೆ ಕಾರಣ ಚಲನೆಯನ್ನು ನುಣುಪುಗೊಳಿಸುವ ಸೌಲಭ್ಯ. ಸಿನಿಮಾವನ್ನು ಸೆಕೆಂಡಿಗೆ 24 ಚಿತ್ರಗಳಂತೆ ಸೆರೆಹಿಡಿದಿರುತ್ತಾರೆ. ಟಿ.ವಿ. ಎರಡು ಚಿತ್ರಗಳ ನಡುವೆ ತಾನೇ ಊಹಿಸಿದ ಚಿತ್ರಗಳನ್ನು ಸೇರಿಸಿದಾಗ ದೊಡ್ಡ ಪರದೆಗೆಂದು ಮಾಡಿದ ಸಿನಿಮಾ ಸ್ಟುಡಿಯೊದ ವಿಡಿಯೊದಂತೆ ಕಾಣುತ್ತದೆ. ‘ಮೋಷನ್’ ಎಂಬ ಪದವಿರುವ ಆ ಸೆಟ್ಟಿಂಗನ್ನು ಸಿನಿಮಾಕ್ಕೆ ಆಫ್ ಮಾಡಿಬಿಡಿರಿ. ಕ್ರಿಕೆಟ್ಟಿಗೆ ಕಡಿಮೆ ಮಟ್ಟದಲ್ಲಿ ಇಟ್ಟುಕೊಳ್ಳಬಹುದು. ಚೆಂಡಿನ ಹಿಂದೆ ಬಾಲದಂತಹ ನೆರಳು ಕಂಡರೆ ಅಲ್ಲೂ ಬೇಡ.

ಮೂರನೆಯದಕ್ಕೆ ಪರಿಹಾರ ಸುಲಭವಲ್ಲ. ಎಚ್‌ಡಿಆರ್ ಎಂದರೆ ಹೊಳಪಿಗೂ ಕತ್ತಲೆಗೂ ಇರುವ ಅಂತರವನ್ನು ಹೆಚ್ಚಾಗಿ ತೋರಿಸುವ ಬಗೆ. ಅಂಥ ಸಿನಿಮಾಗಳನ್ನು ಸಾಮಾನ್ಯವಾಗಿ 1000 ನಿಟ್ಸ್ (ಪರದೆಯ ಬೆಳಕಿನ ಅಳತೆ) ಅಥವಾ ಅದಕ್ಕೂ ಮೇಲಿನ ಬೆಳಕನ್ನು ಲೆಕ್ಕದಲ್ಲಿಟ್ಟುಕೊಂಡು ಸಿದ್ಧಪಡಿಸುತ್ತಾರೆ. ಕಡಿಮೆ ಬೆಲೆಯ ಅನೇಕ ಟಿ.ವಿ.ಗಳು 300 ನಿಟ್ಸ್ ಆಸುಪಾಸಿನಲ್ಲೇ ನಿಲ್ಲುತ್ತವೆ. ಹೊಳಪಿನ ಭಾಗವನ್ನು ತೋರಿಸಲು ಜಾಗ ಉಳಿಸಿಕೊಳ್ಳಲೆಂದು ಉಳಿದೆಲ್ಲವನ್ನೂ ಟಿ.ವಿ. ಕತ್ತಲಾಗಿಸುತ್ತದೆ. ಕ್ಯೂಎಲ್‌ಇಡಿ ಎಂಬ ಹೆಸರು ಬಣ್ಣವನ್ನು ಶುದ್ಧಗೊಳಿಸುವ ಒಂದು ಪದರವನ್ನು ಸೂಚಿಸುತ್ತದೆಯೇ ಹೊರತು ಬೆಳಕಿನ ಭರವಸೆಯನ್ನಲ್ಲ. ಹಿಂಬದಿಯ ಬೆಳಕು ಎಲ್‌ಇಡಿಯದೇ. ಪ್ರತಿ ಚುಕ್ಕೆಯೂ ತಾನೇ ಬೆಳಗುವುದು ಒಎಲ್‌ಇಡಿಯಂಥ ಪರದೆಯಲ್ಲಿ, ಮತ್ತು ಅದರ ಬೆಲೆ ಬಹಳ ಹೆಚ್ಚು. ನೀವು ಎಚ್‌ಡಿಆರ್ ಸಿನಿಮಾವನ್ನು ರಾತ್ರಿ ದೀಪ ಆರಿಸಿ ನೋಡಿರಿ, ಹಿಂಬದಿ ಬೆಳಕನ್ನು ಪೂರ್ತಿ ಏರಿಸಿರಿ. ಬಾಗಿಲು, ಕಿಟಕಿ ತೆರೆದಿಟ್ಟ ಮಧ್ಯಾಹ್ನದಲ್ಲಿ ಅದರಿಂದ ಹೆಚ್ಚು ನಿರೀಕ್ಷಿಸಲಾಗದು.

ನಿಜವಾದ ದೋಷವಿದೆಯೇ ಎಂದು ತಿಳಿಯಲು ಇಷ್ಟು ಮಾಡಿರಿ: ಕತ್ತಲೆ ಕೋಣೆಯಲ್ಲಿ ಪೂರ್ತಿ ಕಪ್ಪು ಚಿತ್ರವನ್ನೂ ಆಮೇಲೆ ಪೂರ್ತಿ ಬೂದು ಚಿತ್ರವನ್ನೂ ತೆರೆಯಿರಿ. ಮೂಲೆಗಳಲ್ಲಿ ತುಸು ಬೆಳಕು ಸೋರುವುದು ಸಾಮಾನ್ಯ. ಆದರೆ ಸಿನಿಮಾ ನೋಡುವಾಗಲೂ ಕಣ್ಣಿಗೆ ಹೊಡೆಯುವ ಬಿಳಿ ತೇಪೆ, ಬೂದಿನ ಮೇಲೆ ಕಲೆಯಂತಹ ಕಪ್ಪು, ಎಂದೂ ಬದಲಾಗದ ಬಣ್ಣದ ಗೆರೆ ಕಂಡರೆ ಅದರ ಫೋಟೋ ತೆಗೆದು ಮಾರಿದವರಿಗೆ ಅಂದೇ ತಿಳಿಸಿರಿ. ಹಿಂದಿರುಗಿಸುವ ಅವಧಿ ಬಹಳ ಚಿಕ್ಕದಾಗಿರುತ್ತದೆ.

ಪ್ರಶ್ನೆ: ಟಿ.ವಿ.ಗೆ ಸ್ಟೆಬಿಲೈಜರ್ ಬೇಕೇ?
– ಓದುಗರು, ಜಮಖಂಡಿ

ಉತ್ತರ: ಟಿ.ವಿ.ಯ ಹಿಂಬದಿಯಲ್ಲಿ 100–240 ವೋಲ್ಟ್ ಎಂದು ಅಚ್ಚಾಗಿದ್ದರೆ ವೋಲ್ಟೇಜ್ ಇಳಿತಕ್ಕೆ ಹೆದರಬೇಕಾಗಿಲ್ಲ, ಸ್ಟೆಬಿಲೈಜರ್ ಬೇಡ. ಹೆದರಬೇಕಾದದ್ದು ಹಠಾತ್ ಏರಿಕೆಗೆ. ನ್ಯೂಟ್ರಲ್ ತಂತಿ ಕಡಿದರೆ 230 ವೋಲ್ಟ್ ಇರಬೇಕಾದಲ್ಲಿ 400ರ ಹತ್ತಿರಕ್ಕೂ ಹೋಗಬಹುದು. ಮಿತಿ ಮೀರಿದೊಡನೆ ವಿದ್ಯುತ್ತನ್ನು ಕಡಿಯುವ ರಕ್ಷಕ ಸಾಧನವನ್ನೂ ಸರಿಯಾದ ಅರ್ತಿಂಗನ್ನೂ ಮಾಡಿಸಿರಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ಗನ್ನು ಮಾತ್ರ ತೆಗೆದರೆ ಸಾಲದು. ಮಾಳಿಗೆಯ ಮೇಲಿನ ಡಿಶ್‌ನಿಂದ ಬರುವ ಕೇಬಲ್ಲನ್ನೂ ಬಿಚ್ಚಬೇಕು.

ಪ್ರಶ್ನೆ: ಆನ್‌ಲೈನಿನಲ್ಲಿ ತರಿಸಿದ ಟಿ.ವಿ.ಯ ಪರದೆಯಲ್ಲಿ ಎರಡು ವಾರಕ್ಕೇ ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ ಮೂಡಿದೆ. ಕಂಪನಿಯವರು ಪೆಟ್ಟು ಬಿದ್ದು ಆದದ್ದೆಂದು ಹೇಳಿ ಗ್ಯಾರಂಟಿ ಕೊಡಲು ಒಪ್ಪುತ್ತಿಲ್ಲ. ಡಬ್ಬಿಯನ್ನು ಇನ್ನೂ ಇಟ್ಟಿದ್ದೇವೆ. ಏನು ಮಾಡಬಹುದು?
– ಓದುಗರು, ತಿಲಕವಾಡಿ, ಬೆಳಗಾವಿ

ಉತ್ತರ: ಪೆಟ್ಟು ಬಿದ್ದ ಪರದೆಯಲ್ಲಿ ಸಾಮಾನ್ಯವಾಗಿ ಒಂದು ಬಿಂದುವಿನಿಂದ ಹೊರಟ ಬಿರುಕುಗಳು ಜೇಡರ ಬಲೆಯಂತೆ ಹರಡಿರುತ್ತವೆ, ಸುತ್ತ ಮಸಿ ಚೆಲ್ಲಿದಂತಹ ಕಲೆ ಇರುತ್ತದೆ. ಎಲ್ಲಿಯೂ ಬಿರುಕಿಲ್ಲದೆ ಉದ್ದಕ್ಕೂ ನೇರವಾಗಿ ಮೂಡುವ ಒಂದೇ ಗೆರೆ ಹೆಚ್ಚಾಗಿ ಪರದೆಯ ಅಂಚಿನಲ್ಲಿ ಅಂಟಿಸಿರುವ ತೆಳುವಾದ ಪಟ್ಟಿ ಸಂಪರ್ಕ ಕಳೆದುಕೊಂಡದ್ದರಿಂದ ಆಗುತ್ತದೆ. ಈ ವ್ಯತ್ಯಾಸ ನಿಮ್ಮ ಪರವಾಗಿ ನಿಲ್ಲಬಲ್ಲದು. ಟಿ.ವಿ. ಆರಿಸಿ, ಬದಿಯಿಂದ ಟಾರ್ಚ್ ಬೆಳಕು ಬಿಟ್ಟು, ಪರದೆಯ ಮೇಲೆ ಗೀರು ಅಥವಾ ಬಿರುಕು ಇಲ್ಲವೆಂಬುದು ಕಾಣುವಂತೆ ವಿಡಿಯೊ ತೆಗೆಯಿರಿ. ಆಮೇಲೆ ಗೆರೆಯನ್ನೂ ಹಿಂಬದಿಯ ಸರಣಿ ಸಂಖ್ಯೆಯನ್ನೂ ಅದೇ ವಿಡಿಯೊದಲ್ಲಿ ಸೇರಿಸಿರಿ. ತಂತ್ರಜ್ಞರು ನಿರಾಕರಿಸಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿರಿ, ಬಾಯಿಮಾತಿಗೆ ಬೆಲೆಯಿಲ್ಲ.

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿರಿ. ಎಷ್ಟೋ ಪ್ರಕರಣಗಳು ಈ ಹಂತದಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದವರ ಕಚೇರಿ ಯಾವ ಊರಿನಲ್ಲಿದ್ದರೂ ನೀವು ವಾಸಿಸುವ ಬೆಳಗಾವಿಯಲ್ಲೇ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರ ಮೂಲಕವೇ ಹೋಗಬೇಕೆಂಬ ಕಡ್ಡಾಯವೂ ಇಲ್ಲ. ದೂರು ಕೊಡಲು ಎರಡು ವರ್ಷಗಳ ಅವಕಾಶವಿದ್ದರೂ ಟಿ.ವಿ. ಹೊಸದಾಗಿರುವಾಗಲೇ ಹೋಗುವುದು ಒಳ್ಳೆಯದು. ಡಬ್ಬಿಯನ್ನು ಉಳಿಸಿಕೊಂಡದ್ದು ಬಹಳ ಒಳ್ಳೆಯದಾಯಿತು, ವ್ಯಾಜ್ಯ ಮುಗಿಯುವವರೆಗೆ ರದ್ದಿಗೆ ಹಾಕಬೇಡಿರಿ. ಇನ್ನು ಮುಂದೆ ತರಿಸುವವರು ಡಬ್ಬಿಯ ಅಂಟುಪಟ್ಟಿ ಕತ್ತರಿಸುವ ಮೊದಲಿನಿಂದ ಪರದೆ ಬೆಳಗುವವರೆಗೆ ತಡೆಯಿಲ್ಲದ ವಿಡಿಯೊ ತೆಗೆಯಲಿ ಎಂದು ಎಲ್ಲ ಓದುಗರನ್ನೂ ಕೇಳಿಕೊಳ್ಳುತ್ತೇವೆ.

ಪ್ರಶ್ನೆ: ನಮ್ಮೂರಿನ ಧೂಳಿಗೆ ಪರದೆ ವಾರದಲ್ಲೇ ಮಾಸುತ್ತದೆ. ಗಾಜು ಒರೆಸುವ ದ್ರವ ಬಳಸಬಹುದೇ?
– ಓದುಗರು, ಇಂಡಿ

ಉತ್ತರ: ಬೇಡ. ಈಗಿನ ಪರದೆಯ ಮೇಲ್ಮೈಯಲ್ಲಿ ಗಾಜಿನ ಬದಲು ಮೃದುವಾದ ಲೇಪನವಿರುತ್ತದೆ, ಅಮೋನಿಯಾ ಇರುವ ದ್ರವ ಅದನ್ನು ಕೆಡಿಸುತ್ತದೆ. ಟಿ.ವಿ. ಆರಿಸಿ, ತಣ್ಣಗಾದ ಮೇಲೆ ಒಣ ಮೈಕ್ರೊಫೈಬರ್ ಬಟ್ಟೆಯಿಂದ ಒತ್ತದೆ ಒರೆಸಿರಿ. ಕಲೆ ಹೋಗದಿದ್ದರೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ ಬಳಸಬಹುದು. ಪರದೆಗೆ ನೇರವಾಗಿ ನೀರು ಸಿಂಪಡಿಸಿದರೆ ಅದು ಕೆಳಗಿನ ಅಂಚಿಗೆ ಇಳಿದು ಒಳಗೆ ಸೇರುತ್ತದೆ.

ಪ್ರಶ್ನೆ: ಚಿತ್ರ ಚೆನ್ನಾಗಿದೆ, ಆದರೆ ಮಾತುಗಳು ಸ್ಪಷ್ಟವಾಗಿ ಕೇಳಿಸುವುದಿಲ್ಲ. ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಟಿ.ವಿ.ಯ ಕೆಳಗಿಡುವ ಉದ್ದನೆಯ ಸ್ಪೀಕರ್, ಅಂದರೆ ಸೌಂಡ್‌ಬಾರ್ ಕೊಳ್ಳಬೇಕೇ?
– ಓದುಗರು, ಗೋಕಾಕ

ಉತ್ತರ: ತೆಳುವಾದ ಟಿ.ವಿ.ಗಳಲ್ಲಿ ಸ್ಪೀಕರುಗಳು ಹೆಚ್ಚಾಗಿ ಕೆಳಮುಖವಾಗಿರುತ್ತವೆ. ಮಾತು ಮೊದಲು ಗೋಡೆಗೋ ಮೇಜಿಗೋ ಬಡಿದು, ಬಳಿಕ ನಿಮ್ಮ ಕಿವಿಗೆ ಬರುತ್ತದೆ. ಬರಿಯ ಕಲ್ಲಿನ ನೆಲ, ಬರಿಯ ಗೋಡೆಗಳಿರುವ ಹಾಲ್‌ನಲ್ಲಿ ಅದು ಇನ್ನಷ್ಟು ಕಲಸಿಹೋಗುತ್ತದೆ. ಹಣ ಖರ್ಚು ಮಾಡುವ ಮೊದಲು ಧ್ವನಿಯ ಸೆಟ್ಟಿಂಗಿನಲ್ಲಿ ‘ಕ್ಲಿಯರ್ ವಾಯ್ಸ್’ ಅಥವಾ ಅಂಥದೇ ಹೆಸರಿನ ಆಯ್ಕೆಯನ್ನು ಹಚ್ಚಿ, ಎದುರಿನ ಗೋಡೆಗೆ ದಪ್ಪ ಬಟ್ಟೆಯ ಪರದೆ ಕಟ್ಟಿ, ನೆಲಕ್ಕೆ ಜಮಖಾನೆ ಹಾಸಿ ಒಂದು ವಾರ ಕೇಳಿ ನೋಡಿರಿ. ಅಷ್ಟಾದರೂ ತಾಯಿಯವರಿಗೆ ಕೇಳಿಸದಿದ್ದರೆ ಸೌಂಡ್‌ಬಾರ್ ಕೊಳ್ಳಿರಿ. ಆದರೆ ಮಾತಿಗೆಂದೇ ನಡುವೆ ಪ್ರತ್ಯೇಕ ಸ್ಪೀಕರ್ ಇರುವುದನ್ನು, ಅಂದರೆ ಡಬ್ಬಿಯ ಮೇಲೆ 3.1 ಎಂದು ಬರೆದಿರುವುದನ್ನು ಆರಿಸಿರಿ. ನಡುವಿನ ಸ್ಪೀಕರ್ ಇಲ್ಲದ 2.1ರಲ್ಲಿ ಗುಡುಗುವ ಶಬ್ದ ಹೆಚ್ಚುತ್ತದೆ, ಮಾತು ಇದ್ದಲ್ಲೇ ಇರುತ್ತದೆ. ಜೋಡಿಸುವಾಗ ಕೇಬಲ್ಲನ್ನು ಟಿ.ವಿ.ಯಲ್ಲಿ ಎಆರ್‌ಸಿ ಎಂದು ಗುರುತಿರುವ ಎಚ್‌ಡಿಎಂಐ ಕಿಂಡಿಗೇ ಹಾಕಬೇಕು, ಆಗ ತಾಯಿಯವರು ಟಿ.ವಿ.ಯ ಒಂದೇ ರಿಮೋಟಿನಿಂದ ಧ್ವನಿಯನ್ನು ಏರಿಸಿ ಇಳಿಸಬಹುದು.