ಒಂದು ಕಂಪ್ಯೂಟರ್‌ನಲ್ಲಿ ಓಡುವ ಸರ್ವರ್ ಪಕ್ಕದ ಕಂಪ್ಯೂಟರ್‌ಗೆ ಯಾಕೆ ಸಿಗುತ್ತಿಲ್ಲ?

ಕೋಲಾರದ ಟೊಮೆಟೊ ಮಂಡಿಯಲ್ಲಿ ತೂಕದ ಕಂಪ್ಯೂಟರ್‌ನಿಂದ ಬಿಲ್ ಕಂಪ್ಯೂಟರ್‌ಗೆ ಕ್ರೇಟ್ ತೂಕ ಕಳಿಸಬೇಕು, ತೂಕ ಪಡೆಯುವ ಪೈಥಾನ್ ಸರ್ವರ್ ಬಿಲ್ ಕಂಪ್ಯೂಟರ್‌ನಲ್ಲಿ ಓಡುತ್ತದೆ, ತೂಕದ ಕಂಪ್ಯೂಟರ್‌ನಿಂದ ಕನೆಕ್ಟ್ ಆಗಲ್ಲ ಅಂದಿದ್ದೀರಿ.

ಮೊದಲು ಬೈಂಡ್ ಅಡ್ರೆಸ್, ಅಂದರೆ ಸರ್ವರ್ ಯಾವ ಅಡ್ರೆಸ್‌ನಲ್ಲಿ ಕೇಳಿಸಿಕೊಳ್ಳಬೇಕು ಅಂತ ಕೋಡ್‌ನಲ್ಲಿ ಕೊಟ್ಟದ್ದು, ನೋಡಿ. 127.0.0.1 ಇದ್ದರೆ ಅದು ಆ ಕಂಪ್ಯೂಟರ್ ಒಳಗಿನ ಮಾತಿಗೆ ಮಾತ್ರ. ಸರ್ವರ್‌ನಲ್ಲಿ 0.0.0.0 (ಆ ಕಂಪ್ಯೂಟರ್‌ನ ಎಲ್ಲ ಅಡ್ರೆಸ್‌ಗಳಲ್ಲೂ ಕೇಳಿಸಿಕೋ ಅಂತ) ಹಾಕಿ, ತೂಕದ ಕಡೆ ಮಾತ್ರ ಬಿಲ್ ಕಂಪ್ಯೂಟರ್‌ನ ನಿಜವಾದ ಐಪಿ (ನೆಟ್‌ವರ್ಕ್ ಅಡ್ರೆಸ್) ಕೊಡಿ, 192.168.1.20 ಥರದ್ದು. ‘ರೆಫ್ಯೂಸ್ಡ್’ ಅಂತ ತಕ್ಷಣ ಬಂದರೆ ಸಾಮಾನ್ಯವಾಗಿ ಆ ಪೋರ್ಟ್‌ನಲ್ಲಿ (ಸರ್ವರ್‌ಗೆ ಕೊಟ್ಟ ಬಾಗಿಲ ನಂಬರ್) ಯಾರೂ ಕೇಳಿಸಿಕೊಳ್ಳುತ್ತಿಲ್ಲ ಅಂತ ಅರ್ಥ. ಸುಮ್ನೆ ಕಾದು ಕಾದು ‘ಟೈಮ್ಡ್ ಔಟ್’ ಆದರೆ ಹೆಚ್ಚಾಗಿ ಹೊರಗಿನ ಕನೆಕ್ಷನ್ ತಡೆಯುವ ಫೈರ್‌ವಾಲ್ ಕಾಟ. ಅದನ್ನು ಪೂರ್ತಿ ಆಫ್ ಮಾಡೋಕೆ ಹೋಗಬೇಡಿ, ಆ ಒಂದು ಪೋರ್ಟ್‌ಗೆ ಇನ್‌ಬೌಂಡ್ ರೂಲ್ (ಒಳಗೆ ಬರಲು ಅನುಮತಿ) ಹಾಕಿದರೆ ಸಾಕು.

ಕನೆಕ್ಟ್ ಆದ ಮೇಲೆ ಬರೋದೇ ಅಸಲಿ ತಲೆನೋವು. ಎರಡು ಕಂಪ್ಯೂಟರ್ ನಡುವೆ ಡೇಟಾ ಸಾಗಿಸುವ ಟಿಸಿಪಿ ಬೈಟ್‌ಗಳನ್ನು ಸಾಲು ತಪ್ಪದೆ ತಲುಪಿಸುತ್ತದೆ ನಿಜ, ಆದರೆ ನೀವು ಎರಡು ಸಲ ಕಳಿಸಿದ್ದು ಆ ಕಡೆ ಎರಡು ತುಂಡಾಗಿಯೇ ಸಿಗುತ್ತದೆ ಅನ್ನೋ ಗ್ಯಾರಂಟಿ ಇಲ್ಲ. 15.2, ಆಮೇಲೆ 14.8 ಕಳಿಸಿದರೆ 15.214.8 ಅಂತ ಅಂಟಿಕೊಂಡು ಬರಬಹುದು, ಇಲ್ಲಾ ಬರೀ 15. ಅಂತ ಅರ್ಧಕ್ಕೇ ನಿಲ್ಲಬಹುದು. ಪ್ರತಿ ತೂಕದ ಕೊನೆಗೆ ಒಂದು ನ್ಯೂಲೈನ್ (ಸಾಲು ಮುಗಿಯಿತು ಅನ್ನೋ ಗುರುತು, \n) ಸೇರಿಸಿ, ಅದು ಸಿಗುವವರೆಗೂ ಬಂದದ್ದನ್ನೆಲ್ಲ ಬಫರ್‌ನಲ್ಲಿ (ತಾತ್ಕಾಲಿಕ ಜಾಗ) ಕೂಡಿಸುತ್ತಾ ಹೋಗಿ. ತೂಕ ತಪ್ಪಿದರೆ ರೈತರು ಸುಮ್ಮನಿರ್ತಾರಾ?

ರೂಟರ್ ರೀಸ್ಟಾರ್ಟ್ ಆದಾಗ ಐಪಿ ಬದಲಾಗಬಹುದು, ಅದರ ಸೆಟ್ಟಿಂಗ್‌ನಲ್ಲೇ ಬಿಲ್ ಕಂಪ್ಯೂಟರ್‌ಗೆ ಒಂದೇ ಐಪಿ ಸಿಗುವ ಹಾಗೆ ರಿಸರ್ವ್ ಮಾಡಿಡಿ. ಮಂಡಿಯ ಹೊರಗೆ, ಉದಾಹರಣೆಗೆ ಮಾಲೂರಿನ ಮನೆಯಿಂದ, ಇದೇ 192.168 ಅಡ್ರೆಸ್ ಹಾಕಿದರೆ ಸಿಗಲ್ಲ, ಅದು ಮಂಡಿ ರೂಟರ್‌ನ ಒಳಗಿನದು. ಅದಕ್ಕೆ ವಿಪಿಎನ್ (ಇಂಟರ್ನೆಟ್ ಮೂಲಕ ಮಂಡಿ ನೆಟ್‌ವರ್ಕ್‌ಗೆ ಸೇರಿಸುವ ಸುರಕ್ಷಿತ ದಾರಿ) ನೋಡಿ.